ನೀವು ಕೇಳಿದ್ದು: ಹಾಪರ್‌ನಲ್ಲಿ ನಿಂತ ನೆಲ್ಲು, ತುಂಡಾದ ಸರಪಳಿ, ಅಂಟದ ಅದಿರು

ಈ ಸಲ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಪತ್ರಗಳೇ ಜಾಸ್ತಿ. ಎಲ್ಲರೂ ಕೇಳಿರುವುದು ಕಣ್ಣೆದುರಿನ ವಸ್ತುಗಳ ಬಗ್ಗೆ: ಕಾಳು, ಕಬ್ಬಿಣ, ಚಿನ್ನ, ತಂತಿ. ಇವುಗಳಿಗೇ ಮೀಸಲಾದ ಒಂದು ವಿಭಾಗ ಭೌತಶಾಸ್ತ್ರದಲ್ಲಿದೆ, ಕಂಡೆನ್ಸ್ಡ್ ಮ್ಯಾಟರ್ ಫಿಸಿಕ್ಸ್ ಅಂತ ಹೆಸರು. ಭೌತವಿಜ್ಞಾನಿಗಳಲ್ಲಿ ತುಂಬಾ ಜನ ದುಡಿಯುವುದು ಇಲ್ಲೇ. ಆದರೂ ಸುದ್ದಿಯಾಗುವುದು ಕಪ್ಪುರಂಧ್ರ, ಮಂಗಳಯಾನ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಹಾಗಾಗಿ ಈ ಸಂಚಿಕೆಯ ಪೂರ್ತಿ ಜಾಗ ಇದಕ್ಕೇ.

ಪ್ರಶ್ನೆ: ನಮ್ಮದೊಂದು ಸಣ್ಣ ರೈಸ್ ಮಿಲ್ ಇದೆ ಸರ್. ಹಾಪರ್ ಬಾಯಲ್ಲಿ ನೆಲ್ಲು ಆಗಾಗ ಕಟ್ಟಿಕೊಂಡು ನಿಂತುಬಿಡುತ್ತದೆ. ಹುಡುಗರು ಕೋಲಿನಿಂದ ತಟ್ಟಿದರೆ ಮತ್ತೆ ಇಳಿಯುತ್ತದೆ. ಮೇಲೆ ಅಷ್ಟು ಭಾರ ಇರುವಾಗ ಅದು ತಾನಾಗಿಯೇ ಇಳಿಯಬೇಕಲ್ವಾ?
– ಓದುಗರು, ಗಂಗಾವತಿ

ಉತ್ತರ: ಮೇಲಿನ ಭಾರ ಪೂರ್ತಿ ಕೆಳಗಿನ ಬಾಯಿಯವರೆಗೆ ಬರುವುದೇ ಇಲ್ಲ. ಗುಟ್ಟು ಇರುವುದು ಅಲ್ಲೇ. ನೀರಿನ ಟ್ಯಾಂಕಿನಲ್ಲಿ ನೀರು ಎಷ್ಟು ಎತ್ತರ ಇದೆಯೋ ತಳದಲ್ಲಿ ಅಷ್ಟು ಒತ್ತಡ. ಕಾಳು ಹಾಗಲ್ಲ. ಒಂದು ಕಾಳು ಇನ್ನೊಂದಕ್ಕೆ ಒರಗುತ್ತದೆ, ಅದು ಪಕ್ಕದ್ದಕ್ಕೆ ಒರಗುತ್ತದೆ, ಹೀಗೆ ಒತ್ತುತ್ತಾ ಹೋಗಿ ಕೊನೆಗೆ ಹಾಪರ್ ಗೋಡೆಗೆ ಮುಟ್ಟುತ್ತದೆ, ಗೋಡೆಯ ಘರ್ಷಣೆ ಆ ಭಾರವನ್ನು ಹಿಡಿದುಕೊಂಡುಬಿಡುತ್ತದೆ. 1895ರಲ್ಲಿ ಯಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು ತಕ್ಕಡಿ ಇಟ್ಟು ಅಳೆದರು. ಕಾಳು ತುಂಬುತ್ತಾ ಹೋದಂತೆ ಮೊದಲು ತಳದ ಒತ್ತಡ ಏರುತ್ತದೆ. ಆಮೇಲೆ ಎಷ್ಟೇ ಸುರಿದರೂ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಅವರು ಬರೆದ ಸಮೀಕರಣವನ್ನು ಕಣಜ ಕಟ್ಟುವ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ನಿಮ್ಮ ಬಿನ್ನಿನ ತಗಡು ಕೆಲವೊಮ್ಮೆ ತಳದಲ್ಲಿ ಸರಿಯಿದ್ದು ಪಕ್ಕದಲ್ಲಿ ಮಡಚಿಕೊಳ್ಳುವುದಕ್ಕೂ ಇದೇ ಕಾರಣ. ಭಾರ ಹೊರುತ್ತಿರುವುದು ಆ ಪಕ್ಕದ ಗೋಡೆ.

ಇನ್ನು ಬಾಯಿಯ ವಿಷಯ. ಕಿರಿದಾದ ಬಾಯಿಗೆ ಕಾಳುಗಳು ಒಟ್ಟಿಗೆ ನುಗ್ಗಿದಾಗ ಕೆಲವು ಕಾಳು ಒಂದಕ್ಕೊಂದು ಒತ್ತಿ ಕಲ್ಲಿನ ಕಮಾನಿನ ಹಾಗೆ ನಿಂತುಬಿಡುತ್ತವೆ. ಮೇಲಿಂದ ಒತ್ತಿದಷ್ಟೂ ಕಮಾನು ಗಟ್ಟಿಯಾಗುತ್ತದೆ, ಆದ್ದರಿಂದ ಭಾರ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಕೋಲಿನ ಏಟಿಗೆ ಒಂದು ಕಾಳು ಜಾರಿದರೆ ಸಾಕು, ಕಮಾನು ಪೂರ್ತಿ ಕುಸಿಯುತ್ತದೆ. ಹುಡುಗರು ಮಾಡುತ್ತಿರುವುದು ಸರಿಯಾದ ಕೆಲಸವೇ.

ಕಾಳಿನೊಳಗಿನ ಈ ಒತ್ತಡವನ್ನು ಕಣ್ಣಿಗೆ ಕಾಣಿಸಿದವರಲ್ಲಿ ಮುಖ್ಯರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬಾಬ್ ಬೆಹ್ರಿಂಜರ್ ಮತ್ತು ಅವರ ಜೊತೆಗಾರರು. ಒತ್ತಿದಾಗ ಬೆಳಕಿನ ಮೇಲೆ ಪರಿಣಾಮ ಬೀರುವಂಥ ಪಾರದರ್ಶಕ ಬಿಲ್ಲೆಗಳನ್ನು ತುಂಬಿ, ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಟ್ಟು ನೋಡಿದರು. ಎಲ್ಲ ಬಿಲ್ಲೆಗಳೂ ಸಮನಾಗಿ ಬೆಳಗಲಿಲ್ಲ. ಕೆಲವು ಸಾಲುಗಳು ಮಾತ್ರ ಕವಲೊಡೆದು ಝಗ್ ಅಂತ ಹೊಳೆದವು, ಪಕ್ಕದ ಬಿಲ್ಲೆಗಳು ಕತ್ತಲಲ್ಲೇ ಉಳಿದವು. ಅಂದರೆ ರಾಶಿಯ ಭಾರ ಹೊರುವುದು ಕೆಲವೇ ಕಾಳುಗಳು. ಉಳಿದವು ಸುಮ್ನೆ ನಡುವೆ ಕೂತಿರುತ್ತವೆ.

ನಿಮಗೆ ಉಪಯೋಗಕ್ಕೆ ಬರುವ ಲೆಕ್ಕ ಇಲ್ಲಿದೆ. ಕಾಳು ಇಳಿಯುವ ವೇಗ ಮೇಲಿನ ರಾಶಿಯ ಎತ್ತರವನ್ನು ಅವಲಂಬಿಸುವುದಿಲ್ಲ, ಬಾಯಿಯ ಅಗಲವನ್ನು ಅವಲಂಬಿಸುತ್ತದೆ, ಅದೂ ಜೋರಾಗಿ. 1961ರಲ್ಲಿ ಬೆವರ್ಲೂ ಮತ್ತು ಸಂಗಡಿಗರು ಕೊಟ್ಟ ಸೂತ್ರದ ಪ್ರಕಾರ ಬಾಯಿಯ ಅಗಲ ಎರಡು ಪಟ್ಟಾದರೆ ಇಳಿಯುವ ಕಾಳು ಸುಮಾರು ಐದೂವರೆ ಪಟ್ಟಾಗುತ್ತದೆ. ಬಾಯಿ ಕಾಳಿನ ಉದ್ದದ ಐದಾರು ಪಟ್ಟಿಗಿಂತ ಕಿರಿದಾದರೆ ಕಟ್ಟಿಕೊಳ್ಳುವುದು ತಪ್ಪಿದ್ದಲ್ಲ. ನೆಲ್ಲು ಹಸಿಯಿದ್ದರೆ, ಜೊಳ್ಳು ಹುಲ್ಲು ಸೇರಿದ್ದರೆ ಇನ್ನೂ ಅಗಲ ಬೇಕು. ಆಶ್ಚರ್ಯದ ಸಂಗತಿಯೊಂದಿದೆ: ಸ್ಪೇನಿನ ನವಾರಾ ವಿಶ್ವವಿದ್ಯಾಲಯದ ತಂಡವೊಂದು ಬಾಯಿಯ ಸ್ವಲ್ಪ ಮೇಲೆ ಒಂದು ಅಡ್ಡಿಯನ್ನು ಇಟ್ಟು ನೋಡಿತು. ಅಡ್ಡಿ ಸರಿಯಾದ ಎತ್ತರದಲ್ಲಿದ್ದಾಗ ಕಟ್ಟಿಕೊಳ್ಳುವುದು ತುಂಬಾ ಕಡಿಮೆಯಾಯಿತು! ಅವರು ಬಳಸಿದ್ದು ದುಂಡನೆಯ ಮಣಿಗಳನ್ನು. ಭತ್ತಕ್ಕೆ ಎತ್ತರ ಎಷ್ಟಿರಬೇಕು ಅನ್ನುವುದನ್ನು ನೀವೇ ಹೆಚ್ಚುಕಡಿಮೆ ಮಾಡಿ ನೋಡಬೇಕಾಗುತ್ತದೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕಟ್ಟಿಕೊಂಡ ಬಿನ್ನಿನೊಳಗೆ ಯಾರನ್ನೂ ಇಳಿಸಬೇಡಿ. ಮೇಲೆ ಗಟ್ಟಿ ನೆಲದ ಹಾಗೆ ಕಾಣುವ ನೆಲ್ಲಿನ ಕೆಳಗೆ ಖಾಲಿ ಜಾಗ ಇರಬಹುದು. ಕಮಾನು ಕುಸಿದರೆ ಮನುಷ್ಯ ಕ್ಷಣದಲ್ಲಿ ಒಳಗೆ ಹೂತುಹೋಗುತ್ತಾನೆ, ಹಿಡಿದು ಎಳೆಯಲು ಆಗುವುದಿಲ್ಲ. ತಟ್ಟುವುದೇನಿದ್ದರೂ ಹೊರಗಿನಿಂದ, ಮೋಟಾರ್ ನಿಲ್ಲಿಸಿ.

ಪ್ರಶ್ನೆ: 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಪ್ಪತ್ತು ವರ್ಷ ತಡೆದ ಕಬ್ಬಿಣ ಒಂದೇ ರಾತ್ರಿಯಲ್ಲಿ ಹೇಗೆ ಸೋತಿತು?
– ಓದುಗರು, ಮುನಿರಾಬಾದ್

ಉತ್ತರ: ಆಗಸ್ಟ್ 10ರ ಆ ರಾತ್ರಿ ಮತ್ತು ಮುಂದಿನ ವಾರ ನಿಮ್ಮ ಕಡೆಯ ರೈತರು ಹೇಗೆ ಕಳೆದಿರಬಹುದು ಅಂತ ನೆನೆದರೆ ಸಂಕಟವಾಗುತ್ತದೆ. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ಅಡ್ಡಗಟ್ಟು) ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದವರ ಕೆಲಸ ದೊಡ್ಡದು. ಆ ಸರಪಳಿ ಯಾಕೆ ತುಂಡಾಯಿತು ಅನ್ನುವ ತೀರ್ಪು ಅದರ ಕೊಂಡಿಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿದವರಿಗೆ ಬಿಟ್ಟದ್ದು. ಹಳೆಯ ಉಕ್ಕು ಸಾಮಾನ್ಯವಾಗಿ ಹೇಗೆ ಸೋಲುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಉಕ್ಕು ಒಂದೇ ರಾತ್ರಿಯಲ್ಲಿ ಸೋಲುವುದು ಅಪರೂಪ. ತುಂಡಾಗುವುದು ಒಂದು ಗಳಿಗೆಯಲ್ಲಿ, ಆದರೆ ಅದರ ತಯಾರಿ ವರ್ಷಗಟ್ಟಲೆ ನಡೆದಿರುತ್ತದೆ. ಸೆಂಟ್ರಿಂಗ್ ಕೆಲಸದವರು ಬೈಂಡಿಂಗ್ ವೈರ್ ಕಡಿಯುವುದನ್ನು ನೋಡಿ: ಎಳೆದು ಕಡಿಯುವುದಿಲ್ಲ, ಹಿಂದೆ ಮುಂದೆ ಬಗ್ಗಿಸುತ್ತಾರೆ. ಒಂದು ಸಲ ಎಳೆದರೆ ಜಗ್ಗದ ತಂತಿ ಹತ್ತಾರು ಸಲ ಬಗ್ಗಿಸಿದರೆ ಪಟ್ಟನೆ ತುಂಡಾಗುತ್ತದೆ. ಇದಕ್ಕೆ ಲೋಹದ ದಣಿವು ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಫಟೀಗ್. 19ನೇ ಶತಮಾನದಲ್ಲಿ ಜರ್ಮನಿಯ ರೈಲ್ವೆ ಎಂಜಿನಿಯರ್ ಔಗುಸ್ಟ್ ವೋಲರ್ ರೈಲಿನ ಆಕ್ಸಲ್‌ಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದರು. ಉಕ್ಕು ತಡೆಯುವ ಶಕ್ತಿಗಿಂತ ಎಷ್ಟೋ ಕಡಿಮೆ ಭಾರವೂ ಸಾಕಷ್ಟು ಸಲ ಬಿದ್ದರೆ ಅದನ್ನು ಮುರಿಯುತ್ತದೆ ಅಂತ ತೋರಿಸಿಕೊಟ್ಟವರು ಅವರೇ.

ಒಳಗೆ ಏನಾಗುತ್ತದೆ? ಉಕ್ಕಿನಲ್ಲಿ ಪರಮಾಣುಗಳು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಆದರೆ ಆ ಸಾಲುಗಳಲ್ಲಿ ಅಲ್ಲಲ್ಲಿ ತಪ್ಪುಗಳಿರುತ್ತವೆ. ಡಿಸ್‌ಲೊಕೇಶನ್ ಅನ್ನುವ ಈ ತಪ್ಪುಗಳು ಭಾರ ಬಿದ್ದಾಗಲೆಲ್ಲ ಸ್ವಲ್ಪ ಸ್ವಲ್ಪ ಸರಿಯುತ್ತವೆ. ಸರಿದು ಸರಿದು ಒಂದು ಕಡೆ ಸೇರಿ ಮೇಲ್ಮೈಯಲ್ಲಿ ಕೂದಲಿಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ತುಕ್ಕು ಹಿಡಿದು ಗುಳಿ ಬಿದ್ದ ಜಾಗ ಇದ್ದರೆ ಬಿರುಕಿಗೆ ಅದೇ ಸಲೀಸಾದ ಬಾಗಿಲು. ಬಿರುಕಿನ ತುದಿ ಎಷ್ಟು ಚೂಪೋ ಅಲ್ಲಿ ಬೀಳುವ ಒತ್ತಡ ಅಷ್ಟು ಜಾಸ್ತಿ ಅಂತ 1913ರಲ್ಲಿ ಇಂಗ್ಲಿಸ್ ಎಂಬ ಎಂಜಿನಿಯರ್ ಲೆಕ್ಕ ಹಾಕಿ ತೋರಿಸಿದ್ದರು. ಉಳಿದ ಉಕ್ಕಿನ ಮೇಲೆ ಬೀಳುವುದರ ಎಷ್ಟೋ ಪಟ್ಟು ಒತ್ತಡ ಆ ಒಂದು ತುದಿಯಲ್ಲಿ ಕೂತಿರುತ್ತದೆ. ಇನ್ನೊಂದು ಕೆಟ್ಟ ಗುಣವೆಂದರೆ ಬಿರುಕು ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಬಹಳ ಕಾಲ ಕಣ್ಣಿಗೇ ಕಾಣದಷ್ಟು ನಿಧಾನ, ದೊಡ್ಡದಾದಂತೆಲ್ಲ ಓಟ. ಆದ್ದರಿಂದ ‘ಇಷ್ಟು ವರ್ಷ ಏನೂ ಆಗಿಲ್ಲ’ ಅನ್ನುವ ಮಾತು ಹಳೆಯ ಉಕ್ಕಿನ ಮಟ್ಟಿಗೆ ಧೈರ್ಯ ಕೊಡುವ ಮಾತಲ್ಲ. ಬಣ್ಣದ ದ್ರವ ಹಚ್ಚಿ, ಅಲ್ಟ್ರಾಸೌಂಡ್ ಹಾಯಿಸಿ ಬಿರುಕು ಹುಡುಕುವ ವಿಧಾನಗಳಿವೆ. ಹೊರಗಿನಿಂದ ಬಣ್ಣ ಬಳಿದು ಚೆನ್ನಾಗಿ ಕಾಣುವ ಕೊಂಡಿಗೂ ಅವು ಬೇಕು.

ನಿಮ್ಮೂರಿನ ಗ್ಯಾರೇಜಿನಲ್ಲಿ ಕಟ್ಟಾದ ಲಾರಿ ಆಕ್ಸಲ್ ಸಿಕ್ಕರೆ ಅದರ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ದಣಿದು ಮುರಿದದ್ದಾದರೆ ಅಲ್ಲಿ ಎರಡು ಭಾಗ ಕಾಣುತ್ತದೆ. ಒಂದು ನುಣುಪಾದ ಭಾಗ, ಅದರಲ್ಲಿ ಒಂದು ಅಂಚಿನಿಂದ ಶುರುವಾಗಿ ಹರಡಿದ ಬಿಲ್ಲಿನಾಕಾರದ ಗೆರೆಗಳು. ಬಿರುಕು ನಿಂತು ನಿಂತು ಸಾಗಿದ ಗುರುತು ಅದು. ಇನ್ನೊಂದು ಒರಟಾದ ಭಾಗ, ಕೊನೆಯ ಗಳಿಗೆಯಲ್ಲಿ ಹರಿದದ್ದು. ಗೆರೆಗಳು ಎಲ್ಲಿಂದ ಶುರುವಾಗಿವೆಯೋ ಅಲ್ಲೇ ಬಿರುಕು ಹುಟ್ಟಿದ್ದು.

ಪ್ರಶ್ನೆ: ಬೆಳ್ಳಿ ಬಿಳಿ, ಅಲ್ಯೂಮಿನಿಯಂ ಬಿಳಿ. ನಮ್ಮ ಹಟ್ಟಿ ಚಿನ್ನ ಮಾತ್ರ ಯಾಕೆ ಹಳದಿ?
– ಓದುಗರು, ಲಿಂಗಸುಗೂರು

ಉತ್ತರ: ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯಿಂದ! ಸುಮ್ನೆ ಹೇಳುತ್ತಿಲ್ಲ. ಚಿನ್ನದ ಪರಮಾಣುವಿನ ನಡುವೆ 79 ಪ್ರೋಟಾನ್‌ಗಳಿವೆ. ಅಷ್ಟು ಬಲವಾದ ಸೆಳೆತಕ್ಕೆ ಸಿಕ್ಕ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿ ಇರುತ್ತವೆ. ಆ ವೇಗದಲ್ಲಿ ಸಾಪೇಕ್ಷತೆಯ ಪರಿಣಾಮ ದೊಡ್ಡದು. ಕೆಲವು ಕಕ್ಷೆಗಳು ಕುಗ್ಗುತ್ತವೆ, ಕೆಲವು ಹಿಗ್ಗುತ್ತವೆ. ಇದರಿಂದ ಹೊರಗಿನ ಎರಡು ಶಕ್ತಿಮಟ್ಟಗಳ ನಡುವಿನ ಅಂತರ ಕಿರಿದಾಗುತ್ತದೆ. ಬೆಳ್ಳಿಯಲ್ಲಿ ಆ ಅಂತರ ದಾಟಲು ನೇರಳಾತೀತ ಬೆಳಕು ಬೇಕು, ಹಾಗಾಗಿ ಕಣ್ಣಿಗೆ ಕಾಣುವ ಬಣ್ಣಗಳೆಲ್ಲ ಪ್ರತಿಫಲಿಸಿ ಬಿಳಿಯಾಗಿ ಕಾಣುತ್ತದೆ. ಚಿನ್ನದಲ್ಲಿ ನೀಲಿ ಬೆಳಕೇ ಸಾಕು. ಚಿನ್ನ ನೀಲಿಯನ್ನು ನುಂಗಿ ಉಳಿದದ್ದನ್ನು ವಾಪಸು ಕೊಡುತ್ತದೆ, ಅದೇ ಹಳದಿ.

ಇದೇ ಚಿನ್ನವನ್ನು ಮಿಲಿಮೀಟರಿನ ಲಕ್ಷದಲ್ಲಿ ಕೆಲವು ಪಾಲಿನಷ್ಟು ಸಣ್ಣ ಕಣ ಮಾಡಿ ನೀರಿನಲ್ಲಿ ತೇಲಿಸಿದರೆ ಕೆಂಪಾಗುತ್ತದೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ಕಣಗಳದ್ದೇ. ಹಟ್ಟಿಯಲ್ಲಿ ಒಂದು ಟನ್ ಅದಿರು ಅರೆದರೆ ಕೆಲವೇ ಗ್ರಾಂ ಚಿನ್ನ ಸಿಗುತ್ತದೆ. ಅಷ್ಟು ಕಷ್ಟಪಟ್ಟು ತೆಗೆದದ್ದರ ಒಂದು ಚೂರು ತಾಲೂಕು ಆಸ್ಪತ್ರೆಯ ಪರೀಕ್ಷಾ ಪಟ್ಟಿಯಲ್ಲೂ ಕೆಲಸ ಮಾಡುತ್ತಿರಬಹುದು.

ಪ್ರಶ್ನೆ: ಸಂಡೂರಿನಲ್ಲಿ ಎಲ್ಲಿ ನೋಡಿದರೂ ಕಬ್ಬಿಣದ ಅದಿರು. ಆದರೆ ಮ್ಯಾಗ್ನೆಟ್ ಹಿಡಿದರೆ ಅದಿರಿನ ಕಲ್ಲು ಅಂಟುವುದೇ ಇಲ್ಲ. ಹಳ್ಳದ ಮರಳಲ್ಲಿ ಆಡಿಸಿದರೆ ಕಪ್ಪು ಪುಡಿ ಅಂಟುತ್ತದೆ. ಇದೇನು?
– ಹೈಸ್ಕೂಲ್ ವಿದ್ಯಾರ್ಥಿ, ಸಂಡೂರು

ಉತ್ತರ: ತುಂಬಾ ಒಳ್ಳೆಯ ಪ್ರಯೋಗ ಮಾಡಿದ್ದೀಯ. ನಿಮ್ಮ ಗುಡ್ಡಗಳ ಕೆಂಪು ಅದಿರು ಮುಖ್ಯವಾಗಿ ಹೆಮಟೈಟ್. ಅದು ಶುದ್ಧವಾಗಿದ್ದರೆ ತೂಕದಲ್ಲಿ ಸುಮಾರು 70% ಕಬ್ಬಿಣವೇ. ಮರಳಲ್ಲಿ ಸಿಕ್ಕ ಕಪ್ಪು ಪುಡಿ ಬಹುತೇಕ ಮ್ಯಾಗ್ನೆಟೈಟ್. ಎರಡರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ ಮಾತ್ರ. ವ್ಯತ್ಯಾಸ ಇರುವುದು ಅವುಗಳ ಪ್ರಮಾಣ ಮತ್ತು ಜೋಡಣೆಯಲ್ಲಿ.

ಪ್ರತಿ ಕಬ್ಬಿಣದ ಪರಮಾಣುವೂ ಒಂದು ಪುಟಾಣಿ ಮ್ಯಾಗ್ನೆಟ್. ಹೆಮಟೈಟ್‌ನಲ್ಲಿ ಒಂದು ಪದರದ ಮ್ಯಾಗ್ನೆಟ್‌ಗಳು ಒಂದು ಕಡೆ ಮುಖ ಮಾಡಿದರೆ ಪಕ್ಕದ ಪದರದವು ವಿರುದ್ಧ ದಿಕ್ಕಿಗೆ ಮುಖ ಮಾಡುತ್ತವೆ. ಕೂಡಿ ಕಳೆದರೆ ಹೆಚ್ಚುಕಮ್ಮಿ ಸೊನ್ನೆ. ಪೂರ್ತಿ ಸೊನ್ನೆ ಅಲ್ಲ, ದಿಕ್ಕುಗಳು ಕೂದಲೆಳೆಯಷ್ಟು ವಾಲಿರುವುದರಿಂದ ತೀರಾ ಸಣ್ಣ ಬಲ ಉಳಿಯುತ್ತದೆ, ಅದು ಕಲ್ಲನ್ನು ಎತ್ತಲು ಸಾಲದು. ಮ್ಯಾಗ್ನೆಟೈಟ್‌ನಲ್ಲೂ ವಿರುದ್ಧ ದಿಕ್ಕುಗಳಿವೆ, ಆದರೆ ಎರಡು ಕಡೆಯ ಬಲ ಸಮ ಇಲ್ಲ. ಆ ಉಳಿಕೆಯೇ ನಿನ್ನ ಮ್ಯಾಗ್ನೆಟ್‌ಗೆ ಅಂಟಿದ್ದು. ಈ ವಿರುದ್ಧ ದಿಕ್ಕಿನ ಜೋಡಣೆಗಳನ್ನು ಬಿಡಿಸಿ ಹೇಳಿದ ಫ್ರಾನ್ಸಿನ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಒಂದೊಂದೇ ಪರಮಾಣುವನ್ನು ಎಷ್ಟು ನೋಡಿದರೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೋಟಿಗಟ್ಟಲೆ ಪರಮಾಣುಗಳು ಒಟ್ಟಿಗೆ ಸೇರಿದಾಗ ಮಾತ್ರ ಕಾಣುವ ಗುಣ ಇದು. ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದೂ ಅದಕ್ಕೇ.

ಪ್ರಶ್ನೆ: ಕೊಪ್ಪಳದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸಂಶೋಧನೆ ಮಾಡಬೇಕೆಂದು ಆಸೆ, ಆದರೆ ನಮ್ಮಲ್ಲಿ ದೊಡ್ಡ ಲ್ಯಾಬ್ ಇಲ್ಲ. ಮನೆಯಲ್ಲಿ ಬಿ.ಎಡ್. ಮಾಡು ಅನ್ನುತ್ತಾರೆ. ಏನು ಮಾಡಲಿ ಮೇಷ್ಟ್ರೇ?
– ವಿದ್ಯಾರ್ಥಿನಿ, ಕೊಪ್ಪಳ

ಉತ್ತರ: ತಂಗಿ, ಲ್ಯಾಬ್ ಇಲ್ಲ ಅಂತ ಕಾಯಬೇಡ. ಒಂದು ಸಾಧಾರಣ ಕಂಪ್ಯೂಟರ್ ಸಿಕ್ಕರೆ ಇವತ್ತೇ ಶುರು ಮಾಡುವ ಕೆಲಸ ಒಂದಿದೆ. ಮೇಲಿನ ಸಂಡೂರಿನ ಪ್ರಶ್ನೆಗೂ ಅದಕ್ಕೂ ನಂಟಿದೆ.

ಚೌಕುಳಿ ಹಾಳೆಯಲ್ಲಿ 50 ಸಾಲು, 50 ಕಂಬ ಅಂದುಕೋ. ಪ್ರತಿ ಮನೆಯಲ್ಲೂ ಒಂದು ಪುಟಾಣಿ ಮ್ಯಾಗ್ನೆಟ್, ಅದರ ಬೆಲೆ +1 ಅಥವಾ -1. ಅಕ್ಕಪಕ್ಕದವು ಒಂದೇ ಆಗಿದ್ದರೆ ಶಕ್ತಿ ಕಡಿಮೆ, ಬೇರೆಯಾಗಿದ್ದರೆ ಜಾಸ್ತಿ. ಕಂಪ್ಯೂಟರ್ ಯಾವುದೋ ಒಂದು ಮನೆಯನ್ನು ಆರಿಸಿ ಅದನ್ನು ತಿರುಗಿಸಿ ನೋಡಲಿ. ಶಕ್ತಿ ಇಳಿದರೆ ಹಾಗೇ ಬಿಡು. ಏರಿದರೆ, ತಾಪಮಾನಕ್ಕೆ ತಕ್ಕಂತೆ ಕೆಲವೊಮ್ಮೆ ಮಾತ್ರ ಒಪ್ಪಿಕೋ. ಇಷ್ಟೇ ನಿಯಮ. ಪೈಥಾನ್‌ನಲ್ಲಿ ಒಂದು ಪುಟದ ಪ್ರೋಗ್ರಾಂ, ಪೈಥಾನ್ ಉಚಿತ. ಇದಕ್ಕೆ ಈಸಿಂಗ್ ಮಾದರಿ ಅನ್ನುತ್ತಾರೆ. ಈಸಿಂಗ್ ಒಬ್ಬ ವಿದ್ಯಾರ್ಥಿ. ಗುರುಗಳು ಕೊಟ್ಟ ಈ ಲೆಕ್ಕವನ್ನು ಒಂದೇ ಸಾಲಿನ ಮ್ಯಾಗ್ನೆಟ್‌ಗಳಿಗೆ ಬಿಡಿಸಿ 1925ರಲ್ಲಿ ಪ್ರಕಟಿಸಿದರು. ಅಲ್ಲಿ ಯಾವ ತಾಪಮಾನದಲ್ಲೂ ಸಾಲು ಪೂರ್ತಿ ಮ್ಯಾಗ್ನೆಟ್ ಆಗಲಿಲ್ಲ, ಬೇರೆ ಕಡೆಯೂ ಹಾಗೇ ಇರಬೇಕು ಅಂದುಕೊಂಡರು. 1944ರಲ್ಲಿ ಆನ್‌ಸಾಗರ್ ಚೌಕುಳಿಗೆ ಲೆಕ್ಕ ಬಿಡಿಸಿದಾಗ ಬೇರೆಯೇ ಉತ್ತರ ಬಂತು. ತಾಪಮಾನ 2.269ಕ್ಕಿಂತ ಇಳಿದರೆ ಬಹುಪಾಲು ಮನೆಗಳು ತಾವಾಗಿಯೇ ಒಂದು ಕಡೆ ತಿರುಗಿಬಿಡುತ್ತವೆ. ಈ ಸಂಖ್ಯೆ ಮಾದರಿಯದೇ ಅಳತೆಯಲ್ಲಿದೆ, ಡಿಗ್ರಿಯಲ್ಲಿ ಅಲ್ಲ. ನಿನ್ನ ಪ್ರೋಗ್ರಾಂ ಆ ಸಂಖ್ಯೆಯ ಹತ್ತಿರ ಬದಲಾವಣೆ ತೋರಿಸಿದರೆ ಸರಿಯಾಗಿ ಬರೆದಿದ್ದೀಯ ಅಂತ ಲೆಕ್ಕ, ಯಾರನ್ನೂ ಕೇಳಬೇಕಾಗಿಲ್ಲ. ಆ ಸಂಖ್ಯೆಯ ಆಸುಪಾಸಿನಲ್ಲಿ ಪರದೆ ನೋಡುತ್ತಾ ಕೂರು. ಸಣ್ಣ ಗುಂಪು, ದೊಡ್ಡ ಗುಂಪು, ಗುಂಪಿನೊಳಗೆ ಗುಂಪು, ಎಲ್ಲ ಅಳತೆಯವೂ ಒಟ್ಟಿಗೆ ಕಾಣುತ್ತವೆ. ಭೌತಶಾಸ್ತ್ರ ಮತ್ತು ಅನ್ವಯಿಕ ಗಣಿತ ಎರಡೂ ಕೂಡುವ ಜಾಗ ಅದು.

ಇನ್ನು ದಾರಿ. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಜಾಮ್ ಪರೀಕ್ಷೆ ಬರೆ. ಐಐಟಿಗಳ ಎಂ.ಎಸ್ಸಿ.ಗೂ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಇಂಟಿಗ್ರೇಟೆಡ್ ಪಿಎಚ್.ಡಿ.ಗೂ (ಎಂ.ಎಸ್ಸಿ., ಪಿಎಚ್.ಡಿ. ಎರಡೂ ಸೇರಿದ ಕೋರ್ಸ್) ಅದೇ ಬಾಗಿಲು. ಜೆಸ್ಟ್ ಅನ್ನುವ ಇನ್ನೊಂದು ಪರೀಕ್ಷೆಯೂ ಇದೆ. ಬೆಂಗಳೂರಿನಲ್ಲೇ ಐಐಎಸ್‌ಸಿ ಇದೆ, ಸಿ.ಎನ್.ಆರ್. ರಾವ್ ಅವರು ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರು ಕೇಂದ್ರ ಇದೆ, ಗಣಿತಕ್ಕೆ ಯಲಹಂಕದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಕೇಂದ್ರ ಇದೆ. ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಸೇರಿದರೆ ಪ್ರತಿ ತಿಂಗಳು ಫೆಲೋಶಿಪ್ ಬರುತ್ತದೆ, ಇದನ್ನು ಮನೆಯಲ್ಲಿ ತಪ್ಪದೆ ಹೇಳು. ಓದಿಗೆ ಮನೆಯಿಂದ ದುಡ್ಡು ಹಾಕಬೇಕು ಅನ್ನುವ ಭಯಕ್ಕೇ ಎಷ್ಟೋ ಮನೆಗಳಲ್ಲಿ ಬೇಡ ಅನ್ನುತ್ತಾರೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕು. ಬಿ.ಎಡ್. ಕೆಟ್ಟದ್ದಲ್ಲ, ಅದನ್ನು ಆಮೇಲೂ ಮಾಡಬಹುದು. ಇಂಗ್ಲಿಷ್ ಬಗ್ಗೆ ಇಷ್ಟು ಹೇಳುತ್ತೇನೆ: ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಬರೆದಿಟ್ಟುಕೋ. ಅರ್ಥವಾದ ವಿಷಯವನ್ನು ಇಂಗ್ಲಿಷಿಗೆ ತರುವುದು ಕಷ್ಟವಲ್ಲ.

ಪ್ರಶ್ನೆ: ಕರೆಂಟ್ ಒಂದು ಚೂರೂ ಪೋಲಾಗದ ತಂತಿ ಕೊರಿಯಾದಲ್ಲಿ ಸಿಕ್ಕಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಏನಾಯಿತು ಅದು?
– ಎಲೆಕ್ಟ್ರಿಷಿಯನ್, ಬಳ್ಳಾರಿ

ಉತ್ತರ: ಅದು ಎಲ್‌ಕೆ-99. ಸೀಸ, ತಾಮ್ರ, ರಂಜಕ, ಆಮ್ಲಜನಕ ಸೇರಿದ ಪದಾರ್ಥ. 2023ರ ಜುಲೈನಲ್ಲಿ ಕೊರಿಯಾದ ತಂಡವೊಂದು ಇದು ಕೋಣೆಯ ಬಿಸಿಯಲ್ಲೇ ಸೂಪರ್‌ಕಂಡಕ್ಟರ್, ಅಂದರೆ ಕರೆಂಟ್‌ಗೆ ರೋಧವೇ ಇಲ್ಲದ ಪದಾರ್ಥ ಎಂದಿತು. ಕೆಲವೇ ವಾರಗಳಲ್ಲಿ ಬೇರೆ ಬೇರೆ ದೇಶಗಳ ಲ್ಯಾಬ್‌ಗಳು ಮಾಡಿ ನೋಡಿದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ತಂಡ ಮೊದಲ ಸಾಲಿನಲ್ಲಿತ್ತು. ಯಾರಿಗೂ ಆ ಗುಣವನ್ನು ಖಚಿತವಾಗಿ ತೋರಿಸಲು ಆಗಲಿಲ್ಲ. ಒಳಗೆ ಕಲಬೆರಕೆಯಾಗಿ ಉಳಿದಿದ್ದ ತಾಮ್ರದ ಸಲ್ಫೈಡ್ ಸುಮಾರು 104 ಡಿಗ್ರಿಯಲ್ಲಿ ತನ್ನ ರಚನೆ ಬದಲಿಸುತ್ತದೆ, ಆಗ ರೋಧ ತಟ್ಟನೆ ಇಳಿಯುತ್ತದೆ. ಅದನ್ನೇ ಸೂಪರ್‌ಕಂಡಕ್ಟಿವಿಟಿ ಅಂತ ತಿಳಿದದ್ದು.

ನಿಜವಾದ ಸೂಪರ್‌ಕಂಡಕ್ಟರುಗಳು 1911ರಿಂದಲೇ ಗೊತ್ತು. ಎಂಆರ್‌ಐ ಯಂತ್ರದೊಳಗಿನ ಸುರುಳಿ ಅದೇ, ಆದರೆ ಅದನ್ನು ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಯಲ್ಲಿ ಇಡಬೇಕು. ಸಾಮಾನ್ಯ ಗಾಳಿಯ ಒತ್ತಡದಲ್ಲಿ ಪಾದರಸ ಸೇರಿದ ಒಂದು ತಾಮ್ರದ ಆಕ್ಸೈಡ್ ಮೈನಸ್ 140ರ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಅದು 1993ರ ಶೋಧ. ಬಳ್ಳಾರಿ ಬಿಸಿಲಿಗೆ ಕಂಬದ ಮೇಲೆ ಎಳೆಯುವ ತಂತಿ ಇನ್ನೂ ಬಂದಿಲ್ಲ. ಇನ್ನೊಮ್ಮೆ ಅಂಥ ಸುದ್ದಿ ಬಂದರೆ ಬೇರೆ ಎರಡು ಲ್ಯಾಬ್‌ಗಳು ಮಾಡಿ ನೋಡಿದವೇ ಅಂತ ಮೊದಲು ಕೇಳಿ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಅಷ್ಟು ಬಿಸಿಲಿದ್ದರೂ ನಮ್ಮ ಸೋಲಾರ್ ಪ್ಯಾನೆಲ್ ನಿರೀಕ್ಷೆಯಷ್ಟು ಕರೆಂಟ್ ಕೊಡುವುದಿಲ್ಲ. ಮಧ್ಯಾಹ್ನ ನೀರು ಹಾಕಿ ತಂಪು ಮಾಡಬಹುದಾ?
– ರೈತರು, ಮಾನ್ವಿ

ಉತ್ತರ: ಪ್ಯಾನೆಲ್‌ಗೆ ಬೇಕಾಗಿರುವುದು ಬೆಳಕು, ಬಿಸಿ ಅಲ್ಲ. ಬಿಸಿ ಏರಿದಂತೆ ಸಿಲಿಕಾನ್‌ನಲ್ಲಿ ವೋಲ್ಟೇಜ್ ಇಳಿಯುತ್ತದೆ. ಪ್ಯಾನೆಲ್ ಹಿಂದಿನ ಚೀಟಿಯಲ್ಲಿರುವ ವ್ಯಾಟ್ 25 ಡಿಗ್ರಿಗೆ ಹೇಳಿದ್ದು. ಅದಕ್ಕಿಂತ ಏರಿದ ಪ್ರತಿ ಡಿಗ್ರಿಗೂ ಎಷ್ಟು ಇಳಿಯುತ್ತದೆ ಅಂತ ಕಂಪನಿಯವರು ಕೊಡುವ ವಿವರದ ಹಾಳೆಯಲ್ಲಿ ಇರುತ್ತದೆ. 0.35% ಅಂತ ಇದ್ದರೆ, ಪ್ಯಾನೆಲ್ 65 ಡಿಗ್ರಿಗೆ ಕಾದಾಗ ನಷ್ಟ 14%. ಮಧ್ಯಾಹ್ನ ತಣ್ಣೀರು ಎರಚಬೇಡಿ, ಕಾದ ಗಾಜು ಬಿರುಕು ಬಿಡಬಹುದು. ಬೋರ್‌ವೆಲ್ ಗಡಸು ನೀರಾದರೆ ಬಿಳಿ ಕಲೆ ಕೂತು ಬೆಳಕನ್ನೇ ತಡೆಯುತ್ತದೆ. ಬೆಳಗಿನ ಜಾವ ಧೂಳು ತೊಳೆಯಿರಿ, ಪ್ಯಾನೆಲ್ ಕೆಳಗೆ ಗಾಳಿ ಆಡಲು ಜಾಗ ಬಿಡಿ.